ಪಾತಾಳದ ಡಾಕ್ಟರ ಸಹಾಯಕಿ

ಕೆಲಸಕ್ಕೆ ಬೇಕಾದ ಅರ್ಹತೆಗಳನ್ನು ಪ್ರಕಟಣೆಯಲ್ಲಿ ಬರೆಯುವವರು ಆ ಕೆಲಸವನ್ನು ಒಂದು ದಿನವಾದರೂ ಮಾಡಿರುತ್ತಾರೆಯೇ ಎನ್ನುವ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಡಾಕ್ಟರಿಗೆ ಸಹಾಯಕಿಯಾಗಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ ಇರಬೇಕು, ಪ್ಯಾರಾಮೆಡಿಕಲ್ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು, ಕನ್ನಡ ಬಲ್ಲವರಾಗಿರಬೇಕು ಎಂದು ಬರೆದಿತ್ತು. ಇಷ್ಟೂ ನನ್ನಲ್ಲಿದ್ದವು. ಬೆಳಗಿನ ಹೊತ್ತು ಊರಿನವರೆಲ್ಲ ಬೆಂಕಿಪೊಟ್ಟಣದಲ್ಲಿ, ಔಷಧಿಯ ಡಬ್ಬಿಯಲ್ಲಿ, ಒಮ್ಮೊಮ್ಮೆ ಮದುವೆಯಲ್ಲಿ ಕೊಟ್ಟ ಕುಂಕುಮದ ಭರಣಿಯಲ್ಲಿ ಪರೀಕ್ಷೆಗೆಂದು ತಂದುಕೊಡುವುದನ್ನು ಮುಖ ಸಿಂಡರಿಸದೆ ಇಸಿದುಕೊಂಡು, ಅದಾದ ಅರ್ಧ ಗಂಟೆಗೆ ನಿರಾಳವಾಗಿ ಉಪ್ಪಿಟ್ಟು ತಿನ್ನುವ ಮೂಗೊಂದು ಬೇಕು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಗಂಡನನ್ನು ಶಿರಾದಲ್ಲಿ ಬಿಟ್ಟು ಪಾವಗಡ ಸೀಮೆಯಲ್ಲಿ ಬಾಡಿಗೆ ಕೋಣೆ ಹಿಡಿಯುವ ಗಟ್ಟಿತನ ಬೇಕು ಎಂದಂತೂ ಬರೆದಿರಲೇ ಇಲ್ಲ.

ನಮ್ಮ ಮನೆಯವರದು ಶಿರಾದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು, ಟ್ರ್ಯಾಕ್ಟರಿನ ಮುರಿದ ಕೊಂಡಿ ಇವೆಲ್ಲ ಅವರ ಕೈಗೆ ಬರುತ್ತವೆ. ಮದುವೆಯಾದ ಮೇಲೆ ನನ್ನನ್ನು ಡಿಪ್ಲೊಮಾಕ್ಕೆ ಸೇರಿಸಿದ್ದು ಅವರೇ, ಈ ಕೆಲಸದ ಪ್ರಕಟಣೆ ಬಂದ ದಿನ ಕೈಯ ಮಸಿಯನ್ನೂ ತೊಳೆಯದೆ ಪೇಪರು ಹಿಡಿದು ಓಡಿಬಂದದ್ದೂ ಅವರೇ. ಕೆಲಸ ಸಿಕ್ಕಿತು. ಗುತ್ತಿಗೆಯ ಕೆಲಸ, ಊರು ಆರಿಸಿಕೊಳ್ಳುವ ಹಾಗಿರಲಿಲ್ಲ. ಆಸ್ಪತ್ರೆ ಯಾವುದು ಎಂದು ಹೇಳುವುದಿಲ್ಲ, ಪಾವಗಡ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆ ಎಂದಿಟ್ಟುಕೊಳ್ಳಿ. ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಬೀದಿಯವರು ಕೇಳಿದಾಗ ನಮ್ಮ ಅತ್ತೆ ಬಹಳ ಕಷ್ಟಪಟ್ಟರು. ಪೆಥಾಲಜಿಸ್ಟ್ ಎನ್ನುವುದು ಅವರ ಹಲ್ಲಿಲ್ಲದ ಬಾಯಲ್ಲಿ ನಾಲ್ಕು ಕಡೆ ಜಾರಿ, ಕಡೆಗೆ ಒಂದು ಕಡೆ ನಿಂತಿತು: "ಪಾತಾಳದ ಡಾಕ್ಟ್ರು ಅಂತ ಒಬ್ರು ಅವ್ರೆ ಕಣಮ್ಮ. ನಮ್ ಗಿರಿಜ ಅವ್ರತ್ರ ಇರಾದು." ಕೇಳಿದವರು ಗಾಬರಿಯಾಗಿ ಮಾತು ಬದಲಿಸುತ್ತಿದ್ದರು. ಮನುಷ್ಯನ ಒಳಗಿನ ಕತ್ತಲೆಯಲ್ಲಿ ಏನು ನಡೆದಿದೆ ಎಂದು ಬಗ್ಗಿ ನೋಡುವುದೇ ನಮ್ಮ ಕಸುಬಾದ್ದರಿಂದ ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ನನಗೆ ಆಮೇಲೆ ಅನ್ನಿಸಿತು.

ಆ ಪಾತಾಳದ ಡಾಕ್ಟರು ಕೊರಟಗೆರೆ ಕಡೆಯ ಹೆಂಗಸು. ನಾವೆಲ್ಲ ಮೇಡಂ ಎನ್ನುತ್ತೇವೆ. ಮಾತು ಕಡಿಮೆ. ಸೂಕ್ಷ್ಮದರ್ಶಕದ ಮುಂದೆ ಕೂತರೆಂದರೆ ಪಕ್ಕದಲ್ಲಿ ಟೀ ತಣ್ಣಗಾಗಿ ಕೆನೆ ಕಟ್ಟಿದರೂ ಗೊತ್ತಾಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಂದ ಭೇಷ್ ಅನ್ನಿಸಿಕೊಳ್ಳಬೇಕು ಎಂದು ನನಗೆ ಬಹಳ ಆಸೆಯಿತ್ತು. ಆ ಆಸೆಯ ಭರದಲ್ಲಿ ನಡೆದದ್ದನ್ನು ಈಗ ಹೇಳಿಬಿಡುತ್ತೇನೆ, ಆಸ್ಪತ್ರೆಯಲ್ಲಿ ಇವತ್ತಿಗೂ ಅದನ್ನು ಹೇಳಿಕೊಂಡು ನಗುವವರಿದ್ದಾರೆ.

ನಮ್ಮ ಶಿರಾ ಕಡೆ ಉರ್ದು ನಾಲ್ಕು ಮಾತು ಕಿವಿಗೆ ಬಿದ್ದಿರುತ್ತದೆ, ತೆಲುಗು ಅಷ್ಟಾಗಿ ಇಲ್ಲ. ಇಲ್ಲಿ ಅರ್ಧ ಜನ ತೆಲುಗಿನಲ್ಲೇ ನೋವು ಹೇಳಿಕೊಳ್ಳುವವರು. ಒಂದು ಬೆಳಿಗ್ಗೆ ವಯಸ್ಸಾದ ಗಂಡಸೊಬ್ಬರು ಕುಂಟುತ್ತಾ ದಾರಿ ತಪ್ಪಿ ನೇರ ಲ್ಯಾಬಿಗೇ ಬಂದರು. ಒಂದು ಕಾಲು ಊದಿ ದಿಂಡಾಗಿತ್ತು. "ಆವು ತನ್ನಿಂದಮ್ಮಾ, ಆವು" ಎಂದರು. ನಮ್ಮ ಕಡೆ ಹಳ್ಳಿಯವರು ಹಾವಿಗೆ ಆವು ಎನ್ನುತ್ತಾರೆ. ತನ್ನಿಂದಿ ಎಂದರೆ ಕಚ್ಚಿತು ಎಂದೇ ಇರಬೇಕು ಎಂದುಕೊಂಡೆ. ಹಾವು ಕಚ್ಚಿದವರ ರಕ್ತವನ್ನು ಗಾಜಿನ ಕೊಳವೆಯಲ್ಲಿಟ್ಟು ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂದು ನೋಡಬೇಕು, ಡಿಪ್ಲೊಮಾದಲ್ಲಿ ಅದೇ ಪ್ರಶ್ನೆಗೆ ನನಗೆ ಒಳ್ಳೆಯ ಅಂಕ ಬಂದಿತ್ತು. ಅವರನ್ನು ಬೆಂಚಿನ ಮೇಲೆ ಒರಗಿಸಿ ರಕ್ತ ತೆಗೆಯುತ್ತಲೇ, "ಯಾವ್ ತರದ್ದು? ಬಣ್ಣ ಹೆಂಗಿತ್ತು?" ಎಂದು ಕೇಳಿದೆ.

"ಎರ್ರ ಆವು" ಎಂದರು. ಎರ್ರ ಎಂದರೆ ಕೆಂಪು ಎನ್ನುವಷ್ಟು ತೆಲುಗು ನನಗೆ ಗೊತ್ತಿತ್ತು. ಕೆಂಪು ಹಾವು! ಅದೆಂಥದೋ ಓದಿದ ನೆನಪಿಲ್ಲ. "ಹೆಡೆ ಇತ್ತಾ?" ಎಂದು ಅಂಗೈ ಬಿಚ್ಚಿ ತೋರಿಸಿದೆ. ಅವರು ತಮ್ಮ ಎರಡೂ ಕೈಯನ್ನು ತಲೆಯ ಅಕ್ಕಪಕ್ಕ ಎತ್ತಿ, ಇಷ್ಟಿಷ್ಟು ದೊಡ್ಡದು ಎನ್ನುವಂತೆ ತೋರಿಸಿದರು. ಅಷ್ಟು ದೊಡ್ಡ ಹೆಡೆ! "ಈಗ ಎಲ್ಲೈತೆ?" ಎಂದರೆ, "ಇಂಟ್ಲೋ" ಎಂದರು. ಮನೆಯೊಳಗೇ ಇದೆ! ಮನೆಯಲ್ಲಿ ಮಕ್ಕಳುಮರಿ ಇದ್ದರೆ ಏನು ಗತಿ ಎಂದು ನಾನು ಕೊಳವೆ ಹಿಡಿದುಕೊಂಡೇ ವರಾಂಡಕ್ಕೆ ಓಡಿ, ಡಾಕ್ಟರು, ನರ್ಸು, ಅಲ್ಲಿ ಸುಮ್ಮನೆ ನಿಂತಿದ್ದವರು ಎಲ್ಲರನ್ನೂ ಕೂಗಿ ಸೇರಿಸಿದೆ. ಯಾರೋ ಹಾವು ಹಿಡಿಯುವವರಿಗೆ ಫೋನು ಮಾಡಿದರು. ಇಂಜೆಕ್ಷನ್ ಪೆಟ್ಟಿಗೆ ತೆಗೆಯಲು ಹೊರಟ ನರ್ಸಮ್ಮ ಇದೇ ಊರಿನವರು. ಅವರು ಒಂದು ಕ್ಷಣ ನಿಂತು ಮುದುಕರನ್ನು ತೆಲುಗಿನಲ್ಲಿ ಏನೋ ಕೇಳಿ, ಸೊಂಟ ಹಿಡಿದುಕೊಂಡು ನಗಲು ಶುರುಮಾಡಿದರು. "ಅಯ್ಯೋ ನಿನ್ನ, ಆವು ಅಂದ್ರೆ ತೆಲುಗ್ನಾಗೆ ಹಸ ಕಣಮ್ಮ! ಹಾಲು ಕರಿಯಾಕ್ ಹೋದಾಗ ಹಸ ಒದ್ದೈತೆ. ಆವಯ್ಯ ತೋರ್ಸಿದ್ದು ಕೊಂಬು!"

ಮುದುಕರಿಗೆ ಬೇಜಾರಾಗಲಿಲ್ಲ. ಇಷ್ಟು ಬೇಗ ಇಷ್ಟು ಜನ ಡಾಕ್ಟರು ತಮ್ಮನ್ನು ಯಾವತ್ತೂ ನೋಡಿರಲಿಲ್ಲವಂತೆ, ಕೈ ಮುಗಿದು ಹೋದರು. ಮೇಡಂ ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಡಿಪ್ಲೊಮಾ ಪಾಸಾಗಿದೆ. ಪಾವಗಡದ ಪರೀಕ್ಷೆ ಇನ್ನೂ ಬರೀಬೇಕಲ್ಲಮ್ಮ ನೀನು" ಎಂದರು. ಅವತ್ತಿನಿಂದ ನನ್ನ ಬಾಡಿಗೆ ಮನೆಯ ಒಡತಿಯ ಹತ್ತಿರ ದಿನಾ ಸಂಜೆ ತೆಲುಗು ಕಲಿಯತೊಡಗಿದೆ.

ಕಲಿಯಲು ಸಂಜೆಗಳಿಗೇನೂ ಕೊರತೆ ಇರಲಿಲ್ಲ. ಆಸ್ಪತ್ರೆಯಿಂದ ಕೋಣೆಗೆ ಬಂದು ಬಾಗಿಲು ತೆಗೆದರೆ, ಹಗಲೆಲ್ಲ ಕಾದ ಬಂಡೆಯ ಬಿಸಿ ಒಳಗೆ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಒಬ್ಬಳಿಗೆ ಎಷ್ಟು ಅನ್ನ ಮಾಡಬೇಕು ಎನ್ನುವುದು ನನಗೆ ಬಹಳ ದಿನ ತಿಳಿಯಲೇ ಇಲ್ಲ, ಇಬ್ಬರ ಅನ್ನ ಮಾಡಿ ಮಾರನೆಯ ದಿನ ಚಿತ್ರಾನ್ನ ತಿನ್ನುತ್ತಿದ್ದೆ. ಇಲ್ಲಿನ ಬೀದಿಯಲ್ಲಿ ಯಾರದಾದರೂ ಹಳೆಯ ಬೈಕು ಕೆಮ್ಮುತ್ತಾ ನಿಂತರೆ ಸಾಕು, ಇವರೇ ಬಂದರು ಎಂದು ಒಲೆಯ ಮುಂದಿಂದ ಏಳುವಂತಾಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ನಡುವೆ ಬೆರಳಿನಿಂದ ಅದುಮಿದ ನಿಪ್ಪಟ್ಟಿನ ಹಾಗೆ ಕಾಣುತ್ತವೆ. ಅವನ್ನು ನೋಡುತ್ತಾ ನನಗೆ, ಅಂಗಡಿ ಮುಚ್ಚಿ ಬರುವಾಗ ಇವರು ಪೇಪರಿನಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದ ನಿಪ್ಪಟ್ಟಿನ ವಾಸನೆ ಬರುತ್ತಿತ್ತು. ಅಂಥ ಕಡೆ ಅಂಥ ವಾಸನೆ ಬರಬಾರದು, ಬರುತ್ತಿತ್ತು, ಏನು ಮಾಡಲಿ?

ಶನಿವಾರ ಸಂಜೆ ಬಸ್ಸು ಹತ್ತಿ, ಮಧುಗಿರಿಯಲ್ಲಿ ಇಳಿದು ಶಿರಾ ಬಸ್ಸಿಗೆ ಕಾಯುವಾಗ, ಎದುರಿಗೆ ನಿಂತ ಆ ಇಡೀ ಬೆಟ್ಟವೇ ದಾರಿಗೆ ಅಡ್ಡ ಕೂತಿದೆ ಎಂದು ಸಿಟ್ಟು ಬರುತ್ತಿತ್ತು. ಭಾನುವಾರ ಸಂಜೆ ಅದೇ ಬೆಟ್ಟವನ್ನು ಎಷ್ಟು ಹೊತ್ತು ನೋಡಿದರೂ ಸಾಲದು, ಪಾವಗಡದ ಬಸ್ಸು ಇವತ್ತು ಕೆಟ್ಟು ನಿಲ್ಲಬಾರದೇ ಎನ್ನಿಸುತ್ತಿತ್ತು. ಬಸ್ಸು ಸರಿಯಾದ ಸಮಯಕ್ಕೆ ಬರುತ್ತಿತ್ತು. ಆದರೆ ಇದನ್ನೂ ಹೇಳಬೇಕು. ಶಿರಾದಲ್ಲಿ ಭಾನುವಾರ ಮಧ್ಯಾಹ್ನ ಅತ್ತೆಯ ಎದುರು ಅವರೆಕಾಯಿ ಸುಲಿಯುತ್ತಾ ಕೂತಾಗ, ನಾನು ರಕ್ತ ಸವರಿ, ಬಣ್ಣ ಹಾಕಿ ಒಣಗಲು ಇಟ್ಟುಬಂದ ಗಾಜಿನ ಪಟ್ಟಿಗಳು ಕಣ್ಣ ಮುಂದೆ ಬರುತ್ತಿದ್ದವು. ಅವುಗಳಲ್ಲಿ ಏನಿರಬಹುದು ಎಂದು ನೋಡುವ ತವಕ. ಎಲ್ಲಿ ಇರುತ್ತೇನೋ ಅಲ್ಲಿ ಇಲ್ಲದ್ದನ್ನೇ ಬಯಸುವುದು ನನ್ನ ಸ್ವಭಾವವಾಗಿಬಿಟ್ಟಿತ್ತು.

ಹೀಗಿರುವಾಗ ಶಿರಾದ ಒಂದು ಖಾಸಗಿ ಲ್ಯಾಬಿನಿಂದ ಕೆಲಸಕ್ಕೆ ಕರೆ ಬಂತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹತ್ತು ದಿನದೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕಿತ್ತು. ಅಲ್ಲಿ ಮೇಡಂ ಅಂಥವರು ಯಾರೂ ಇಲ್ಲ, ಯಂತ್ರಕ್ಕೆ ರಕ್ತ ಕುಡಿಸಿ ಚೀಟಿ ಹರಿದು ಕೊಡುವ ಕೆಲಸ. ಆದರೂ ನನ್ನ ಮನಸ್ಸು ಆಗಲೇ ಹಾಸಿಗೆ ಸುತ್ತಿ, ಪಾತ್ರೆ ಕಟ್ಟಿ ಆಗಿತ್ತು. ಇವರು ಒಂದು ಮಾತು ಬಾ ಎಂದರೆ ಸಾಕಿತ್ತು. ಸಂಜೆ ಫೋನು ಮಾಡಿದೆ.

"ಊಟ ಆಯ್ತಾ?" ಎಂದರು. ದಿನಾ ಅವರು ಕೇಳುವುದು ಅದೊಂದನ್ನೇ.

"ಆಗುತ್ತೆ. ರೀ, ನಮ್ಮೂರ ಲ್ಯಾಬ್ನೋರು ಕರೀತಾವ್ರೆ. ಬಂದ್ಬುಡ್ಲಾ?"

"ನಿನ್ನಿಷ್ಟ" ಎಂದರು.

"ನನ್ನಿಷ್ಟ ಇರ್ಲಿ, ನಿಮಗೆ ಹೆಂಗೆ?"

"ನಂಗೇನು? ಆರಾಮಾಗಿವ್ನಿ. ಅವ್ವ ಮುದ್ದೆ ಮಾಡ್ತೈತೆ. ಫೋನ್ ಇಡ್ಲಾ?"

ಇಟ್ಟೇಬಿಟ್ಟರು. ಆರಾಮಾಗಿದ್ದಾರಂತೆ! ಅವತ್ತು ಮನೆಯ ಒಡತಿ ತೆಲುಗಿನಲ್ಲಿ ಕೋಪಕ್ಕೆ ಏನೆನ್ನುತ್ತಾರೆ ಎಂದು ಕಲಿಸಿದರು. ಈ ಮನುಷ್ಯನಿಗೆ ಕಬ್ಬಿಣ ಮುಟ್ಟಿ ಮುಟ್ಟಿ ಎದೆಯೂ ಕಬ್ಬಿಣವಾಗಿದೆ, ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಹಾಗಿದ್ದ ಮೇಲೆ ಯಾರಿಗಾಗಿ ಬಸ್ಸಿನಲ್ಲಿ ಸಾಯಲಿ ಎಂದುಕೊಂಡೆ. ಆ ಶನಿವಾರ ಹೋಗಲಿಲ್ಲ. ಕೆಲಸವಿದೆ ಎಂದೆ. ಅವರು ಆಯ್ತು ಎಂದರು. ಅದಕ್ಕೂ ಆಯ್ತು!

ಸೋಮವಾರ ಬೆಳಿಗ್ಗೆ ಎಂದಿನಂತೆ ಕಿಟಕಿಯ ಮುಂದೆ ಸಾಲು. ಒಂದು ತೋಳು ಒಳಗೆ ಬರುತ್ತದೆ, ರಬ್ಬರ್ ಪಟ್ಟಿ ಬಿಗಿಯುತ್ತೇನೆ, ಚುಚ್ಚುತ್ತೇನೆ, ಹತ್ತಿ ಇಟ್ಟು ಮಡಚಿ ಕಳಿಸುತ್ತೇನೆ. ಮುಖ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಹಾಗೆ ಬಂದ ಒಂದು ತೋಳಿನ ಮೇಲೆ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳು ಸಾಸಿವೆ ಚೆಲ್ಲಿದ ಹಾಗೆ ಇದ್ದವು. ಬಗ್ಗಿ ನೋಡಿದರೆ ನಮ್ಮ ಮನೆಯವರು. ಇಸ್ತ್ರಿ ಹಾಕಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ, ಕೈಯಲ್ಲಿ ಹೊರರೋಗಿ ಚೀಟಿ. ಹೆಣ್ಣು ನೋಡಲು ಬಂದ ದಿನವೂ ಇಷ್ಟು ಅಲಂಕಾರ ಮಾಡಿಕೊಂಡಿರಲಿಲ್ಲ.

"ಏನ್ರೀ ಇದು?"

"ಶುಗರ್ ಟೆಸ್ಟು" ಎಂದರು, ಗೋಡೆ ನೋಡಿಕೊಂಡು. "ಖಾಲಿ ಹೊಟ್ಟೇಲಿ ಬಂದಿವ್ನಿ. ಮೊದ್ಲನೇ ಬಸ್ಸು."

"ಸಿರಾದಲ್ಲಿ ಲ್ಯಾಬ್ ಇಲ್ವಾ?"

"ಅವೆ." ಚೀಟಿಯ ತುದಿ ಮಡಚಿದರು. "ಅವ್ರು ಚುಚ್ಚಿದ್ರೆ ನೋಯ್ತದೆ."

ನನ್ನ ಕೈ ಹಗುರ ಎಂದು ಸುತ್ತಲ ಹಳ್ಳಿಯವರೆಲ್ಲ ಹೇಳುತ್ತಾರೆ. ಅವತ್ತು ಅದೇ ಕೈಗೆ, ಹಗ್ಗದ ಹಾಗೆ ಎದ್ದು ಕಾಣುವ ಆ ನರ ಸಿಗಲಿಲ್ಲ. ಸೂಜಿ ತಪ್ಪಿತು. "ಇರ್ಲಿ, ಇನ್ನೊಂದ್ ಕಿತ ಚುಚ್ಚು" ಎಂದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಗೆ ತಾಳ್ಮೆ ಕೆಟ್ಟಿತು. "ಆಯನ ಚೆಯ್ಯಿ ಎಂತಸೇಪು ಪಟ್ಟುಕೊನಿ ಉಂಟಾವಮ್ಮಾ?" ಆ ಮನುಷ್ಯನ ಕೈಯನ್ನು ಇನ್ನೂ ಎಷ್ಟು ಹೊತ್ತು ಹಿಡಿದುಕೊಂಡಿರುತ್ತೀ ಎಂದು. ಸಾಲಿಗೆ ಸಾಲೇ ನಕ್ಕಿತು. ಅಷ್ಟು ಹೊತ್ತಿಗೆ ರಕ್ತ ಕೊಳವೆಗೆ ಇಳಿಯಿತು, ಇವರು ಅದನ್ನು ನೋಡಿದರು, ನೋಡಿದವರು ಹಾಗೇ ಕಿಟಕಿಯಿಂದ ಕೆಳಗೆ ಮಾಯವಾದರು. ದಿನವಿಡೀ ಬೆಂಕಿಯ ಜೊತೆ ಇರುವ ಮನುಷ್ಯ ಒಂದು ಚಮಚದಷ್ಟು ತನ್ನದೇ ರಕ್ತ ನೋಡಿ ಬಿದ್ದುಬಿಟ್ಟಿದ್ದರು.

ಬೆಂಚಿನ ಮೇಲೆ ಮಲಗಿಸಿ ಮುಖಕ್ಕೆ ನೀರು ಹಾಕಿದೆವು. ಗದ್ದಲ ಕೇಳಿ ಮೇಡಂ ಹೊರಗೆ ಬಂದರು. "ಯಾರಮ್ಮ ಇವರು?"

"ನಮ್ಮ ಮನೆಯವರು ಮೇಡಂ. ಶುಗರ್ ಟೆಸ್ಟಿಗೆ ಬಂದಿದಾರೆ."

"ಶಿರಾದಿಂದಲಾ?" ಎಂದು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಹೋಗಿ ಕಿಟಕಿಯ ಮುಂದೆ ನನ್ನ ಸ್ಟೂಲಿನ ಮೇಲೆ ತಾವೇ ಕೂತು ಮುಂದಿನ ತೋಳಿಗೆ ಪಟ್ಟಿ ಬಿಗಿದರು.

ಇವರು ಕಣ್ಣು ಬಿಟ್ಟರು. ನಾನು ಬಾಯಿ ಬಿಟ್ಟೆ. ಒಂದು ವಾರದಿಂದ ಕೂಡಿಟ್ಟದ್ದೆಲ್ಲ ಇತ್ತಲ್ಲ. "ಬಂದ್ಬುಡ್ಲಾ ಅಂದ್ರೆ ನಿನ್ನಿಷ್ಟ ಅಂತೀರ. ಬಾ ಅನ್ನಾಕೆ ನಿಮಗೆ ಬಾಯಿ ಇರ್ಲಿಲ್ವಾ?"

ಮಲಗಿದಲ್ಲಿಂದಲೇ ಸೂರು ನೋಡುತ್ತಾ ಹೇಳಿದರು: "ಬಾ ಅಂದ್ರೆ ನೀನು ಬಂದ್ಬುಡ್ತೀಯ ಕಣೆ. ಅದ್ಕೇ ಅನ್ಲಿಲ್ಲ." ಆಮೇಲೆ, "ಭಾನುವಾರ ನೀನು ಬರ್ಲಿಲ್ಲ. ಅಂಗಡಿ ತೆಗ್ದೆ. ಒಂದು ಗೇಟು ಉಲ್ಟಾ ಬೆಸುಗೆ ಹಾಕ್ಬುಟ್ಟೆ" ಎಂದರು.

ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ತಿನ್ನಿಸಿದೆ. ಅವರು ತಿನ್ನುತ್ತಿರುವಾಗಲೇ ಶಿರಾದ ಲ್ಯಾಬಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಅವರು ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಚಟ್ನಿ ಹಾಕಿಸಿಕೊಂಡರು.

ಮಧ್ಯಾಹ್ನ ಅವರ ವರದಿಯನ್ನು ನಾನೇ ಬರೆದೆ. ಸಕ್ಕರೆ ಎಷ್ಟಿರಬೇಕೋ ಅಷ್ಟೇ ಇತ್ತು. ಯಾವ ಹೆಂಡತಿಗಾದರೂ ಇದಕ್ಕಿಂತ ಸಂತೋಷ ಬೇಕೇ? ನನಗೂ ಆಯಿತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಒಂದೇ ಒಂದು ಗಳಿಗೆ, ಇದು ಒಂದು ಚೂರು ಜಾಸ್ತಿ ಬಂದಿದ್ದರೆ ತಿಂಗಳಿಗೊಮ್ಮೆಯಾದರೂ ಪರೀಕ್ಷೆಗೆ ಬರಬೇಕಾಗುತ್ತಿತ್ತಲ್ಲ ಎಂಬ ಯೋಚನೆ ಬಂದುಹೋಯಿತು. ಇವರೂ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೂ ಇಲ್ವಾ?" ಎಂದರು, ಏನೋ ಕಳೆದುಕೊಂಡವರ ಹಾಗೆ. ಆಮೇಲೆ ಬಸ್ಸಿಗೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು: "ಅಲ್ಲಾ, ಥೈರಾಯ್ಡ್ ಅಂತ ಇನ್ನೊಂದು ಐತಂತಲ್ಲ?"

ಸರ್ಕಾರಿ ಆಸ್ಪತ್ರೆಯಲ್ಲಿ ಬೇಡದ ಪರೀಕ್ಷೆ ಮಾಡಬಾರದು ಎಂದು ಬಂದವರಿಗೆಲ್ಲ ಗಂಟಲು ಹರಿಯುವಂತೆ ಹೇಳುವವಳು ನಾನು. "ಐತೆ" ಎಂದೆ. "ಅದನ್ನ ಗುರುವಾರ ಮಾಡ್ತೀವಿ."