ಸದ್ದು ಮಾಡುವ ಟೈರು

ಜೀಪು ಸದ್ದು ಮಾಡದೆ ಮನೆಗೆ ಬಂದದ್ದೇ ತಪ್ಪಾಯಿತು.

ಮೇಲೂರಿನ ಆವುಲಪ್ಪ, ಅಪ್ಪ ಮದುವೆಯಾದ ಹೊಸತರಲ್ಲಿ ತಂದ ಫೋರ್‌ವೀಲ್ ಜೀಪಿನಲ್ಲಿ ಊರವರ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವವನು. ಕಂಪನಿಯಿಂದ ಬಂದ ದಪ್ಪ ಹಲ್ಲಿನ ಟೈರು ಸವೆದ ಮೇಲೆ ಆ ಜೀಪು ಮತ್ತೆ ಹೊಸ ಟೈರು ಕಂಡಿರಲಿಲ್ಲ. ಅಪ್ಪ ನರಸಪ್ಪ ಸೆಕೆಂಡ್‌ಹ್ಯಾಂಡ್ ಟೈರಿನಲ್ಲೇ ಆಯುಷ್ಯ ಮುಗಿಸಿ ಹೋಗಿದ್ದ. ಮೊನ್ನೆ ಮುಂದಿನದೊಂದು ಸಿಡಿದಾಗ, ಬಸ್ ಓಡಿಸಿ ರಿಟೈರಾಗಿದ್ದ ಪಕ್ಕದ ಮನೆ ಕೊಂಡಪ್ಪ ತೀರ್ಪು ಕೊಟ್ಟ.

"ಒಂದು ಹೊಸದು, ಮೂರು ಹಳೇದು ಹಾಕಿದ್ರೆ ಗೇರ್‌ಬಾಕ್ಸ್ ಹಾಳಾಗ್ತದೆ ಕಣೋ. ನಾಲ್ಕೂ ಒಂದೇ ಥರ ಹಾಕ್ಸು. ರೋಡ್ ಟೈರು ಹಾಕ್ಸು, ಬೆಣ್ಣೆ ಮೇಲೆ ಹೋದಂಗೆ ಹೋಗ್ತದೆ."

ನಿನ್ನೆ ಸಂಜೆ ಜೀಪು ನಾಲ್ಕೂ ಹೊಸ ರೋಡ್ ಟೈರು ಹಾಕಿಸಿಕೊಂಡು ಕಳ್ಳಬೆಕ್ಕಿನ ಹಾಗೆ ಬಂದು ನಿಂತಿತು. ಒಳಗೆ ತಾಯಿ ಕದಿರಮ್ಮ ಏಳಲೇ ಇಲ್ಲ.

ಎರಡು ವರ್ಷದಿಂದ ಕದಿರಮ್ಮನಿಗೆ ಮರೆವು. ಗಂಡ ತೀರಿಹೋದದ್ದು ನೆನಪಿಲ್ಲ, ಅವನು ಬರದೆ ತುತ್ತು ಮುಟ್ಟುವುದಿಲ್ಲ. ತಿರುವಿನಲ್ಲಿ ಹಳೇ ಟೈರಿನ ಗೊರಗೊರ ಕೇಳಿದೊಡನೆ, "ಆವುಲಾ, ನಿಮ್ಮಪ್ಪ ಬಂದ್ರು, ಕಾಲಿಗೆ ನೀರಿಡಪ್ಪ" ಎಂದು ತಟ್ಟೆ ಹಾಕುವಳು. ಎರಡು ನಿಮಿಷದಲ್ಲಿ ಗಂಡನಿಗಾಗಿ ಕಾದಿದ್ದನ್ನೂ ಮರೆತು ತಾನೇ ಉಣ್ಣುವಳು. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿದ್ದ ಹಾಗೆ, ಅವಳ ಹಸಿವು ಆ ನಾಲ್ಕು ಟೈರುಗಳಲ್ಲಿತ್ತು.

"ನಿಮ್ಮಪ್ಪ ಬರ್ಲಿ." ನಿನ್ನೆಯಿಂದ ಅದೊಂದೇ ಮಾತು. ಬೆಳಗಿನ ಮುದ್ದೆಯೂ ತಣ್ಣಗಾಯಿತು.

"ನನ್ನಿಂದ ಆಗಿದ್ದು, ನಾನೇ ಸರಿ ಮಾಡ್ತೀನಿ" ಎಂದು ಕೊಂಡಪ್ಪ ಕಾಂಪೌಂಡಿನ ಹಿಂದೆ ಕೂತು ಬಾಯಲ್ಲೇ "ಗೊರ್ರ್ರ್" ಎಂದ.

ಕದಿರಮ್ಮ ಕಿವಿಗೊಟ್ಟಳು. "ಪಾಪ, ಯಾರಿಗೋ ಹೊಟ್ಟೆನೋವು ಕಣೋ. ಓಮದ ನೀರು ಕೊಡು."

ಕೊಂಡಪ್ಪನ ಹೆಂಡತಿ ಅಕ್ಕಯಮ್ಮ ನಿಜವಾಗಿಯೂ ಓಡಿಬಂದು ಕುಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಆವುಲಪ್ಪ, ಕೊಂಡಪ್ಪ ಇಬ್ಬರೂ ಟೈರು ಹಾಕಿಸಿದ್ದ ಚಿಂತಾಮಣಿಯ ಅಂಗಡಿಯಲ್ಲಿದ್ದರು. ಆವುಲಪ್ಪ ಹಳೇ ಟೈರು ವಾಪಸ್ ಕೇಳಿದ.

"ಬೆಳಿಗ್ಗೇನೇ ಗುಜರಿ ಲಾರಿ ಹತ್ತಿದ್ವಲ್ಲಣ್ಣ" ಎಂದ ಅಂಗಡಿಯ ಜಗನ್.

"ಹಂಗಾದ್ರೆ ಜಾಸ್ತಿ ಸದ್ದು ಮಾಡೋದು ಕೊಡಪ್ಪ."

"ಅಣ್ಣಾ, ಸದ್ದು ಮಾಡ್ತದೆ ಅಂತ ಬೈಯೋಕೆ ಬರ್ತಾರೆ. ಸದ್ದು ಬೇಕು ಅಂತ ಯಾರೂ ಬಂದಿಲ್ಲ."

ಆವುಲಪ್ಪ ತೆಂಗಿನಕಾಯಿ ಆರಿಸುವವನಂತೆ ಒಂದೊಂದು ಟೈರನ್ನೂ ಬಡಿದು, ಕಿವಿಯಿಟ್ಟು ಕೇಳಿದ. ಪಂಕ್ಚರ್ ಹಾಕುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಕೊನೆಗೆ ಜಗನ್ ದಪ್ಪ ಹಲ್ಲಿನ ಟೈರೊಂದನ್ನು ಉರುಳಿಸಿಕೊಂಡು ಬಂದ.

"ಇದು ಅಂಬಾಜಿದುರ್ಗದ ಬೆಟ್ಟದಲ್ಲಿ ಬಂಡೆ ಮೇಲೆ ಜೀಪು ಹತ್ತಿಸೋರಿಗೆ. ಟಾರ್ ರೋಡಲ್ಲಿ ಹೋದ್ರೆ ಊರೇ ಎದ್ದು ಕೂತ್ಕೋತದೆ."

"ಊರು ಬೇಡಪ್ಪ. ನಮ್ಮಮ್ಮ ಎದ್ರೆ ಸಾಕು."

ಸಂಜೆ ಜೀಪು ಸಿಡಿಲಿನ ಹಾಗೆ ಗುಡುಗುತ್ತ ಬೀದಿಗೆ ತಿರುಗಿತು. ಕರುಗಳು ಹಗ್ಗ ಕಿತ್ತವು. ಒಳಗೆ ತಟ್ಟೆ ಹಾಕಿದ ಸದ್ದು ಕೇಳಿತು.

"ಗೆದ್ದೆ ಕಣೋ!" ಕೊಂಡಪ್ಪ ಬೆನ್ನು ತಟ್ಟಿದ.

ಕದಿರಮ್ಮ ಆಗಲೇ ಉಣ್ಣುತ್ತಿದ್ದಳು. ತಲೆ ಬಾಚಿ ಹೂ ಮುಡಿದಿದ್ದಳು. ಎರಡನೇ ಮುದ್ದೆಗೆ ಕೈಹಾಕಿದವಳು ಬಾಗಿಲಲ್ಲಿ ನಿಂತ ಆವುಲಪ್ಪನನ್ನು ಕಂಡು ನಾಚಿ ಎದ್ದಳು.

"ಹೊಸಾ ಜೀಪು ತಂದೇಬಿಟ್ರಲ್ಲ ನಮ್ಮನೆಯೋರು! ಬೀದಿಗೆಲ್ಲ ಕೇಳಿಸ್ತು" ಎಂದಳು. ಮತ್ತೆ ಮೆಲ್ಲಗೆ, "ನೀನ್ಯಾರಪ್ಪ? ಡ್ರೈವರ್ರಾ?"

"ಅಮ್ಮಾ, ನಾನು ಆವುಲ. ನಿನ್ ಮಗ."

ಕದಿರಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

"ಚೆನ್ನಾಗಿ ಹೇಳ್ದೆ ಬಿಡಪ್ಪ! ನಮ್ಗಿನ್ನೂ ಮಕ್ಕಳೇ ಆಗಿಲ್ಲ" ಎಂದು, ಮನೆಗೆ ಬಂದ ಹೊರಗಿನವರಿಗೆ ಇಡುವ ಹಾಗೆ, ಅವನ ಕಾಲಿಗೆ ತಾನೇ ಚೆಂಬಿನಲ್ಲಿ ನೀರು ತಂದಿಟ್ಟಳು.