ಹಳಿಗೆ ಇಟ್ಟ ಕುಂಕುಮ

ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಚುಕ್ಕೆ ಹುಡುಕುವುದು. ಪುಡಿಯಲ್ಲಿ ಸಾಸಿವೆಯಷ್ಟು ಕಪ್ಪು ಕಂಡರೂ ಇಡೀ ಬ್ಯಾಚನ್ನು ತಡೆದು ನಿಲ್ಲಿಸುವ ಅಧಿಕಾರ ನನಗಿದೆ. ಇಂಥ ಶುಚಿವಂತ ತನ್ನ ಗ್ಯಾರೇಜಿನಲ್ಲಿ ಮರ ಕೆತ್ತುವ ಸಿಎನ್‌ಸಿ ಯಂತ್ರ ಕಟ್ಟಲು ಹೊರಟರೆ ಎಡವಟ್ಟಾಗುವುದು ಸಾಧ್ಯವೇ? ಸಾಧ್ಯ ಎಂದು ನನ್ನ ಹೆಂಡತಿ ವಿದ್ಯಾ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು.

ಕಂಪ್ಯೂಟರ್ ಹೇಳಿದಂತೆ ಓಡಾಡಿ ಅಕ್ಷರ ಕೆತ್ತುವ ಯಂತ್ರವಿದು. ಕೆತ್ತುವ ಮೊನೆ ನೆಟ್ಟಗೆ ಓಡಬೇಕಾದರೆ ಹಳಿ ಬೇಕು, ಹಳಿಯ ಮೇಲೆ ಜಾರಲು ಬೇರಿಂಗ್ ಬೇಕು. ಮರಕ್ಕೆ ದುಂಡನೆಯ ಸಾದಾ ಸರಳು ಸಾಕು, ಸ್ವಲ್ಪ ಧೂಳು ಬಿದ್ದರೂ ತಡೆದುಕೊಳ್ಳುತ್ತದೆ ಎಂದ ಕಾರ್ಖಾನೆಯ ಸ್ಥಳೀಯ ಗೆಳೆಯ. ಅಡುಗೆಮನೆ ಡ್ರಾಯರಿನ ಚಾನಲ್ ಹಾಕಿ ಎಂದಳು ವಿದ್ಯಾ. ಇಬ್ಬರ ಅಜ್ಞಾನಕ್ಕೂ ಮರುಗಿ, ಇರುವುದರಲ್ಲೇ ಅತಿ ನಾಜೂಕಿನ ಚೌಕ ಹಳಿಯನ್ನು ತರಿಸಿದೆ. ಅದರ ಬೇರಿಂಗಿನೊಳಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳು ಸಾಲಾಗಿ ಸುತ್ತುತ್ತಿರುತ್ತವೆ. ಒಂದು ಕಣ ಧೂಳು ಹೋದರೂ ಕೆಟ್ಟಿತು. ಕೂಡಲೇ ಗ್ಯಾರೇಜಿನಲ್ಲಿ ಕರ್ಫ್ಯೂ ಜಾರಿಗೆ ಬಂತು. ಚಪ್ಪಲಿ ನಿಷೇಧ. ಬಿಸ್ಕತ್ತು ನಿಷೇಧ. ಮಗಳು ಅನಘಾಳ ಮಿನುಗು ಪುಡಿಯಂತೂ ಗಡೀಪಾರು!

ಹೀಗೆಂದವನು, ಹೇಗೆ ಜಾರುತ್ತದೆ ನೋಡೋಣವೆಂದು ಬೇರಿಂಗನ್ನು ಹಳಿಯಿಂದ ಸರ್ರನೆ ಹೊರಗೆಳೆದೆ. ಹಾಗೆ ಎಳೆಯಬಾರದು ಎಂಬುದು ಗುಂಡುಗಳೆಲ್ಲ ಕಾರಿನ ಕೆಳಗೆ ಓಡಿದ ಮೇಲೆ ಗೊತ್ತಾಯಿತು. ಇಡೀ ಸಂಸಾರ ಮಂಡಿಯೂರಿ ಹೆಕ್ಕಿತು. ವಿದ್ಯಾಳ ಹುಬ್ಬು ಕೀಳುವ ಚಿಮಟದಿಂದ ಒಂದೊಂದನ್ನೇ ಒಳಗೆ ಕೂರಿಸಿದೆ. ಆ ಚಿಮಟ ಇನ್ನೂ ನನ್ನನ್ನು ಕ್ಷಮಿಸಿಲ್ಲ, ಒಡತಿಯೂ ಕ್ಷಮಿಸಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಗೆಪಾಟಲು ಮನೆಯೊಳಗೇ ಉಳಿಯುತ್ತಿತ್ತು. ಆದರೆ ದಾವಣಗೆರೆಯ ನಸ್ರೀನ್ ಆಂಟಿ ನಮ್ಮ ಬೀದಿಯ ಕೊನೆಯಲ್ಲಿ ಮನೆ ಕೊಂಡರು. ಬಾಗಿಲಿಗೆ ತೀರಿಕೊಂಡ ತಾಯಿಯ ಹೆಸರನ್ನು, ತಾವು ಕರೆಯುತ್ತಿದ್ದ ಹಾಗೆಯೇ, ಕನ್ನಡದಲ್ಲಿ ಹಾಕಿಸಬೇಕೆಂಬುದು ಅವರ ಆಸೆ. ಅದಕ್ಕೆಂದೇ ತಾಯಿಯ ತೇಗದ ಸಂದೂಕದ ಮುಚ್ಚಳದಿಂದ ಒಂದು ಹಲಗೆ ತಂದಿದ್ದರು. ಸಂದೂಕದಲ್ಲಿ ಉಳಿದದ್ದು ಅದೊಂದೇ. ವಿಮಾನ ನಿಲ್ದಾಣದಲ್ಲಿ ಮರ ಎಂದು ಹೇಳಿ ತೋರಿಸಿದಾಗ, ತಪಾಸಣೆಯವರು ತಿರುಗಿಸಿ ಮುರುಗಿಸಿ ನೋಡಿ, ಹುಳುವಿಲ್ಲ ಎಂದು ಬಿಟ್ಟಿದ್ದರಂತೆ. ಅಂಗಡಿಗೆ ಕೊಡುತ್ತೇನೆ ಎಂದವರನ್ನು ತಡೆದವನು ನಾನೇ. ನನ್ನ ಹಳಿ ಇರುವಾಗ ಅಂಗಡಿಯೇಕೆ?

ಕೆತ್ತನೆಯ ಉದ್ಘಾಟನೆಯನ್ನು ಆಯುಧಪೂಜೆಯ ದಿನ ಇಟ್ಟುಕೊಂಡೆ. ನಸ್ರೀನ್ ಆಂಟಿಯೂ ಬೀದಿಯ ಒಂದಷ್ಟು ಜನರೂ ಗ್ಯಾರೇಜಿನಲ್ಲಿ ಸೇರಿದರು, ಬರಿಗಾಲಿನಲ್ಲಿ. ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಮಿಕ್ಸಿಗೆ ಪೂಜೆಯಾಯಿತು. ಕೊನೆಗೆ ನನ್ನ ಯಂತ್ರದ ಸರದಿ. ವಿದ್ಯಾ ಕುಂಕುಮವನ್ನು ಮೋಟಾರಿನ ಡಬ್ಬಿಗೆ ಹಚ್ಚಲು ಹೋದಳು. ನಾನು ಬಟ್ಟಲು ಕಿತ್ತುಕೊಂಡೆ.

"ಡಬ್ಬಿಗಲ್ಲ ಕಣೇ, ಹಳೀಗೆ ಇಡ್ಬೇಕು. ಇದರ ಪ್ರಾಣ ಇರೋದೇ ಅಲ್ಲಿ," ಎಂದೆ.

ಹೊಸದಾಗಿ ಎಣ್ಣೆ ಸವರಿದ ಹಳಿಗೆ ಉದ್ದಕ್ಕೂ ಅರಿಶಿನ, ಕುಂಕುಮ. ಚೆನ್ನಾಗಿ ಅಂಟಿತು. ಅದರ ಮೇಲೆ ಧಾರಾಳವಾಗಿ ಅಕ್ಷತೆ. ಒಂದು ಕಣ ಧೂಳು ಎಂದು ತಿಂಗಳುಗಟ್ಟಲೆ ಬೊಬ್ಬೆ ಹೊಡೆದವನು ಅಕ್ಕಿ ಎರಚಿ, ಕೈಮುಗಿದು, ಗುಂಡಿ ಒತ್ತಿದೆ.

ಯಂತ್ರ ಹೊರಟಿತು. ಅಡ್ಡಕ್ಕೆ ಓಡಿತು. ಉದ್ದಕ್ಕೆ ಓಡಬೇಕಾದಲ್ಲಿ ಕರಕರ ಎಂದು ಅಕ್ಕಿ ಅಗಿದು ನಿಂತುಬಿಟ್ಟಿತು. ಉದ್ದದ ಹಳಿಯಲ್ಲಿ ಸಿಕ್ಕಿಕೊಂಡದ್ದು ಪಾಪ ಕಂಪ್ಯೂಟರಿಗೆ ಗೊತ್ತಿಲ್ಲ. ನಸ್ರೀನ್ ಆಂಟಿಯ ತಾಯಿಯ ಹೆಸರಿನ ದುಂಡು ದುಂಡು ಅಕ್ಷರಗಳನ್ನೆಲ್ಲ ಅದು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಉಜ್ಜುತ್ತಾ ಹೋಯಿತು.

"ಅಪ್ಪಾ, ಇಟ್ಸ್ ಸ್ಟಕ್," ಎಂದಳು ಅನಘಾ.

ಸುಮ್ಮನಿರು, ಮೊದಲು ತಲೆಕಟ್ಟು ಬರುತ್ತದೆ ಎಂದು ನೆರೆದವರಿಗೆ ವಿವರಿಸಿದೆ. ಹಿಂದಿಯಲ್ಲಿ ಬರೆಯುತ್ತಿದೆಯೇ ಎಂದು ಯಾರೋ ವಿನಯದಿಂದ ಕೇಳಿದರು. ಅದಕ್ಕೂ ಉತ್ತರ ಕೊಡಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ವಿದ್ಯಾ ಹೋಗಿ ಗೋಡೆಯ ಸ್ವಿಚ್ ಆರಿಸಿದಳು.

ಹಲಗೆಯ ಮೇಲ್ಭಾಗದಲ್ಲಿ ಬೆರಳು ಹುದುಗುವಷ್ಟು ಆಳದ ಗೀರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಸ್ರೀನ್ ಆಂಟಿ ಹಲಗೆಯನ್ನು ಎತ್ತಿಕೊಂಡು ಸೆರಗಿನಿಂದ ಮರದ ಹುಡಿ ಒರೆಸಿದರು. ಗೀರಿನ ಉದ್ದಕ್ಕೂ ಬೆರಳಾಡಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಗ್ಯಾರೇಜಿನ ಕಾಂಕ್ರೀಟನ್ನು ನಾನೇ ಗಟ್ಟಿಯಾಗಿ ಹಾಕಿಸಿದ್ದೆ.

"ಇರ್ಲಿ ಬಿಡಪ್ಪಾ ರಘು," ಎಂದರು ಕೊನೆಗೆ. "ನೀನು ಬೇಕಂತ ಮಾಡ್ದಿ ಏನು?"

ಬೈದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಅವರ ಹೊಸಮನೆಯ ಊಟಕ್ಕೆ ತಲೆನೋವಿನ ನೆಪ ಹೇಳಿದೆ. ವಿದ್ಯಾ ಎಳೆದುಕೊಂಡು ಹೋದಳು. ಬಾಗಿಲಲ್ಲೇ ಅದೇ ಹಲಗೆ. ಗೀರಿನ ಕೆಳಗೆ ಆಂಟಿ ತಾವೇ ಬಿಳಿ ಬಣ್ಣದಲ್ಲಿ 'ಅಮ್ಮೀಜಾನ್' ಎಂದು ಬರೆದಿದ್ದರು. ಅಕ್ಷರ ಕೊಂಚ ಸೊಟ್ಟ, ಆದರೆ ಅಕ್ಷರ. ಸದ್ಯ, ನೋಡಿದವರು ಗೀರನ್ನು ಅಲಂಕಾರವೆಂದು ತಿಳಿದಾರು ಎಂದು ಉಸಿರುಬಿಟ್ಟೆ. ಬಿರಿಯಾನಿಗೆ ಕೈ ಹಾಕುವಷ್ಟರಲ್ಲಿ ಬಾಗಿಲ ಬಳಿ ಆಂಟಿಯ ದನಿ ಕೇಳಿತು. ಆಲ್ಬನಿಯಿಂದ ಬಂದ ನೆಂಟರಿಗೆ ಹಲಗೆ ತೋರಿಸುತ್ತಿದ್ದರು.

"ಹೆಸರು ನಾನೇ ಬರೆದದ್ದು. ಮೇಲಿನ ಗೆರೆ ಮಾತ್ರ ನಮ್ಮ ರಘು ಹಾಕಿಕೊಟ್ಟ. ಅಷ್ಟಕ್ಕೇ ಪಾಪ ಒಂದು ಮಷೀನೇ ಕಟ್ಟಿದ್ದಾನೆ."