ತಲೆಯಿಲ್ಲದ ನೆರಳು

ಭಾನುವಾರ ಕನ್ನಡ ಸಂಘದ ಪ್ರವಚನಕ್ಕೆ ಹೋದದ್ದೇ ನಾಣಿಗೆ ಮುಳುವಾಯಿತು. "ತನ್ನ ನೆರಳಿಗೆ ತಲೆ ಕಾಣದವನಿಗೆ ದಿಢೀರ್ ಸಾವು ಅಂತ ಪುರಾಣ ಹೇಳುತ್ತೆ," ಎಂದರು ಶಾಸ್ತ್ರಿಗಳು. "ಅಂಥ ಸಾವು ಹಿರಿಯರಿಗೆ ಯಾಕೆ ಬೇಡವಾಗಿತ್ತು? ಹೇಳಬೇಕಾದ ಮಾತು ಹೇಳೋಕೆ ಪುರುಸೊತ್ತು ಕೊಡಲ್ಲ, ಅದಕ್ಕೆ."

ಸೋಮವಾರ ಬೆಳಿಗ್ಗೆ ಮುಂಬಯಿಯ ಮುಲುಂಡ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಾ ನಾಣಿ ತನ್ನ ನೆರಳು ನೋಡಿಕೊಂಡ. ಕಾಲಿತ್ತು, ಹೊಟ್ಟೆಯಿತ್ತು, ಹೆಗಲ ಬ್ಯಾಗೂ ಇತ್ತು. ತಲೆ ಇರಲಿಲ್ಲ.

ಪಕ್ಕದಲ್ಲಿದ್ದ ಬಸವಂತಪ್ಪ ಎಂದಿನಂತೆ ಕೈಚಾಚಿದ. ಅವನು ನಾಣಿಯ ಬಿಲ್ಡಿಂಗಿನಲ್ಲೇ ಇದ್ದ ವಿಜಾಪುರದವ. ನಾಣಿ ಹತ್ತು ವರ್ಷದಿಂದ ತನ್ನ ಊಟದ ಡಬ್ಬಿಯನ್ನು ಮುಚ್ಚಳವನ್ನೂ ತೆಗೆಯದೆ ಅವನಿಗೆ ದಾಟಿಸಿ, ತಾನು ವಡಾಪಾವ್ ತಿನ್ನುತ್ತಿದ್ದ. ಸಕ್ಕರೆ ಕಾಯಿಲೆಯೆಂದು ಹೆಂಡತಿ ಸುಮಿತ್ರಾ ದಿನಾ ಹಾಗಲಕಾಯಿ ತುಂಬಿದರೆ ಮನುಷ್ಯ ಇನ್ನೇನು ಮಾಡಿಯಾನು.

"ಯಾಕ್ರೀ, ಮಾರಿ ಬಾಡೇದ?"

"ಪುರುಸೊತ್ತಿಲ್ಲಪ್ಪಾ," ಎಂದು ಡಬ್ಬಿ ಕೊಟ್ಟವನೇ ನಾಣಿ ಮನೆಗೆ ತಿರುಗಿದ. ಲಿಫ್ಟಿನಲ್ಲೇ ಯಮ ಕಾದಿದ್ದರೆ ಎಂದು ಹೆದರಿ ಆರು ಮಹಡಿ ಮೆಟ್ಟಿಲು ಹತ್ತಿದ. ಎದೆ ಡವಡವ ಅಂದಿತು. ಇದು ಎರಡನೆಯ ಸೂಚನೆ ಎಂದುಕೊಂಡ.

ಸುಮಿತ್ರಾ ಸೊಪ್ಪು ಬಿಡಿಸುತ್ತಿದ್ದಳು.

"ಹೇಳದೆ ಹೋದರೆ ನನಗೆ ಗತಿಯಿಲ್ಲ ಕಣೆ. ಹತ್ತು ವರ್ಷದಿಂದ ನಿನ್ನ ಡಬ್ಬಿ ತಿಂದಿಲ್ಲ. ಬಸವಂತಪ್ಪ ತಿಂತಾನೆ."

ಅವಳು ತಲೆಯೆತ್ತಲಿಲ್ಲ. "ಗೊತ್ತುರೀ. ಅವರು ಮೊದಲನೇ ವರ್ಷಾನೇ ಬಾಯಿಬಿಟ್ರು. ಆವತ್ತಿಂದ ಹಾಗಲಕಾಯಿ ಬಿಟ್ಟು ಎಣ್ಣೆಗಾಯಿ, ಚಿತ್ರಾನ್ನ ತುಂಬ್ತಿದೀನಿ. ಒಂದು ದಿನವಾದ್ರೂ ಮುಚ್ಚಳ ತೆಗೀತೀರೇನೋ ಅಂತ ಕಾದೆ."

"ಮತ್ತೆ ಸುಮ್ಮನಿದ್ದದ್ದು ಯಾಕೆ?"

"ಸಂಜೆ ಬಂದು ಚೆನ್ನಾಗಿತ್ತು ಅಂತಿದ್ರಲ್ಲ. ಸುಳ್ಳಾದ್ರೂ ಕೇಳೋಕೆ ಹಿತವಾಗಿತ್ತು."

ನಾಣಿಯ ಕಣ್ಣು ತುಂಬಿತು. ಇಂಥವಳನ್ನು ಬಿಟ್ಟು ಸಾಯುವುದು ಹೇಗೆ ಎಂದು ಸಂಜೆಯವರೆಗೂ ಸಂಕಟಪಟ್ಟ.

ಖಾಲಿ ಡಬ್ಬಿ ಕೊಡಲು ಬಂದ ಬಸವಂತಪ್ಪ ಎಲ್ಲಾ ಕೇಳಿ ತಲೆ ಚಚ್ಚಿಕೊಂಡ. "ಅಲ್ರೀ, ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತ್ರ ನೆರಳಿನ ತಲಿ ಕೆಳಗ ಹಳಿ ಮ್ಯಾಲ ಬೀಳ್ತದ. ನಂದೂ ಅಲ್ಲೇ ಬಿದ್ದಿತ್ತು. ನನಗ ಒಂದ್ ಮಾತು ಕೇಳಬಾರದಾಗಿತ್ತೇನ್ರಿ? ನಾಳಿಗೆ ಎಣ್ಣಿಗಾಯಿ ಹೇಳಿದ್ದೆ."

ಸುಮಿತ್ರಾ ಡಬ್ಬಿ ತೊಳೆದು ಅಟ್ಟಕ್ಕೆ ಹಾಕಿದಳು. "ನಾಳೆಯಿಂದ ಹಾಗಲಕಾಯಿ ಗೊಜ್ಜು. ಬೆಳಿಗ್ಗೆ ನನ್ನೆದುರೇ ತಿಂದು ಹೋಗಿ."

ಎಲ್ಲಾ ಹೇಳಿಬಿಟ್ಟವನು ಬದುಕಿ ಉಳಿದರೆ ಏನು ಗತಿ ಎಂದು ಶಾಸ್ತ್ರಿಗಳು ಹೇಳಿರಲಿಲ್ಲ.